ಅಪ್ಪನ ಧೋತರದ ತುಂಡು

ಹೆಡ್ ಸರ್ ಫೋನ್ ಮಾಡಿ ಮ್ಯಾಗಜಿನ್‌ಗೆ ಏನರ ಬರದ್ ಕೊಡಪಾ ಅಂದಾಗ ನಂಗೆ ಮೊದ್ಲು ನೆನಪಾಗಿದ್ದೇ ನಮ್ ಡ್ರಾಯಿಂಗ್ ಸರ್ ಕೈಲಿದ್ದ ಹಿಟ್ಟಿನ ಜರಡಿ. 2015, ನಾವಾಗ ಒಂಬತ್ತನೇ ಕ್ಲಾಸು. ವಿಶ್ವಸಂಸ್ಥೆ ಆ ವರ್ಷವನ್ನ ಮಣ್ಣಿನ ವರ್ಷ ಅಂತ ಘೋಷಣೆ ಮಾಡಿತ್ತು. ಡ್ರಾಯಿಂಗ್ ಸರ್ ಭಾಷಣ ಗೀಷಣ ಬೇಡ, ಎಲ್ರೂ ನಿಮ್ ನಿಮ್ ಹೊಲದಿಂದ ಒಂದೊಂದ್ ಬೊಗಸೆ ಮಣ್ಣು ತಗೊಂಡ್ ಬನ್ನಿ ಅಂದ್ರು.

ನವಲಗುಂದದ ಕಡೆ ಹೋದ್ರೆ ಪೂರಾ ಎರಿ, ಅಂದ್ರೆ ಕರಿ ಮಣ್ಣು, ಅಳ್ನಾವರ ಕಲಘಟಗಿ ಕಡೆ ಮಸಾರಿ, ಅಂದ್ರೆ ಕೆಂಪು ಮಣ್ಣು, ನಮ್ಮೂರು ಎರಡಕ್ಕೂ ನಡುವೆ. ಪೇಪರ್ ಮೇಲೆ ಸಾಲಾಗಿ ಸುರುವಿದಾಗ ಕರಿ, ಕೆಂಪು, ಬೂದಿ, ಬೆಲ್ಲದ ಬಣ್ಣ, ಒಬ್ಬನದ್ದಂತೂ ಅರಿಶಿನದ ಹಂಗೆ, ದಿನಾ ತುಳಿಯೋ ನೆಲದಾಗ ಇಷ್ಟು ಬಣ್ಣ ಅದಾವ ಅಂತ ನಮಗ ಯಾರಿಗೂ ಗೊತ್ತೇ ಇರ್ಲಿಲ್ಲ. ಸರ್ ಶಿವಮೊಗ್ಗ ಜಿಲ್ಲೆ ಸಾಗರದ ಕಡೆಯವ್ರು. ಅಲ್ಲಿ ಮನೆ ಗೋಡೆಗೆ ಕೆಮ್ಮಣ್ಣು ಬಳಿದು ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆದು ಹಸೆ ಚಿತ್ತಾರ ಬರೀತಾರೆ, ಹಳದಿ ಬೇಕಂದ್ರೆ ಗುರಿಗೆ ಕಾಯಿ. ಅದನ್ನ ನೋಡ್ಕೊಂಡೇ ಬೆಳೆದವ್ರು, ಹಂಗಾಗಿ ಮಣ್ಣು ಅಂದ್ರೆ ಅವರಿಗೆ ಬಣ್ಣ. ಕುಟ್ಟಿ, ಜರಡಿ ಹಿಡಿದು, ಬಕೆಟ್ ನೀರಲ್ಲಿ ಕದಡೋದು. ಉಸುಕು ತಕ್ಷಣ ತಳಕ್ಕೆ ಕೂರುತ್ತೆ, ಮೇಲಿನ ರಾಡಿ ನೀರನ್ನ ಬೇರೆ ಪಾತ್ರೆಗೆ ಬಗ್ಗಿಸಿ ರಾತ್ರಿ ಇಟ್ರೆ ಬೆಳಿಗ್ಗೆ ತಳದಲ್ಲಿ ಬೆಣ್ಣೆ ಥರ ನುಣ್ಣನೆ ಕೆಸರು. ಅದಕ್ಕೆ ಗೋಂದು ಕಲೆಸಿದ್ರೆ ಪೇಂಟ್ ರೆಡಿ.

ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮಜ್ಜಿನ್ನ ಸಾಲಿಗೆ ಕರೆಸಿದ್ರು, ಮಣ್ಣಿನ ಎತ್ತು, ಅವು ಮೇಯೋ ಗ್ವಾದ್ಲಿ ಮಾಡೋದು ಕಲಿಸಾಕ. ಅಜ್ಜಿ ಯಾರ ಮಣ್ಣನ್ನೂ ಹಂಗೇ ಒಪ್ಪಲಿಲ್ಲ, ಚೂರು ಹಸಿ ಮಾಡಿ ಬೆರಳಲ್ಲಿ ಹೊಸೆದು ಶಾವಿಗೆ ಹಂಗೆ ಎಳೆ ಮಾಡಿ ನೋಡೋಳು. ಮುರೀದಿದ್ರೆ ಎತ್ತಿಗೆ ಆಗ್ತದ, ಮುರಿದ್ರೆ ಅತ್ಲಾಗೆ. ಸೈನ್ಸ್ ಟೀಚರ್ ನಿಂತು ನೋಡಿ, ಜಿಗುಟು ಎಷ್ಟಿದೆ ಅಂತ ಮಣ್ಣಿನ ವಿಜ್ಞಾನಿಗಳೂ ಹೊಲದಲ್ಲಿ ಹಿಂಗೇ ನೋಡೋದು ಅಂದ್ರು. ಆವತ್ತು ನಂಗೆ ಎಷ್ಟು ಹೆಮ್ಮೆ ಆಗಿತ್ತು ಅಂದ್ರೆ ಈಗ್ಲೂ ಹೇಳೋಕ್ ಬರಲ್ಲ.

ಆದ್ರೆ ನಾನು ತಂದಿದ್ದ ಮಣ್ಣು ಅಜ್ಜಿ ಕೈಯಲ್ಲೇ ಪುಡಿಪುಡಿ ಆಯ್ತು. ಅಜ್ಜಿ ಏನೂ ಮಾತಾಡ್ಲಿಲ್ಲ, ಸೀರೆ ಸೆರಗಿಗೆ ಕೈ ಒರೆಸ್ಕೊಂಡ್ಲು. ಎರಡು ವರ್ಷದ ಹಿಂದೆ ಅಕ್ಕನ ಮದುವಿ ಖರ್ಚಿಗೆ ಅಂತ ಅಪ್ಪ ಆ ಕೆಳಗಿನ ಹೊಲದ ಮಣ್ಣನ್ನ ಇಟ್ಟಂಗಿ ಭಟ್ಟಿಗೆ ಮಾರಿದ್ದ, ಎರಡು ಅಡಿ ತೆಗೆದು ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಹೋಗಿತ್ತು. ನಾನು ತಂದಿದ್ದು ಅದರ ಕೆಳಗಿನ ಗರಸು, ಬರೀ ಹರಳು ಹರಳು ಮಣ್ಣು. ಎರಡು ಮೂರು ಸೆಂಟಿಮೀಟರ್ ಮಣ್ಣು ಆಗೋಕೆ ಸಾವಿರ ವರ್ಷದವರೆಗೂ ಬೇಕಾಗಬಹುದು ಅಂತ ಸರ್ ಬೋರ್ಡ್ ಮೇಲೆ ಬರೆದಾಗ ನಾನು ಎರಡು ಅಡಿಗೆ ಎಷ್ಟು ಅಂತ ನೋಟ್‌ಬುಕ್ ಹಿಂದೆ ಲೆಕ್ಕ ಹಾಕಿದ್ದೆ, ಹಾಕಿ ಆ ಹಾಳೆ ಹರಿದೆ.

ಜುಲೈನಲ್ಲಿ ಇನ್ನೊಂದು ಕೆಲಸ. ಎಲ್ರೂ ಮನೆಯಿಂದ ಹಳೇ ಹತ್ತಿ ಬಟ್ಟೆ ತರಬೇಕು, ಪಾಲಿಸ್ಟರ್ ನಡೆಯಲ್ಲ, ಒಂದ್ ಗೇಣು ತುಂಡು ಮಾಡಿ ಬೇರೆಬೇರೆ ಕಡೆ ಹೂತು ಎರಡು ತಿಂಗಳಿಗೆ ತೆಗೀಬೇಕು, ಮಣ್ಣಾಗ ಜೀವ ಇದ್ರೆ ಬಟ್ಟೆ ಕೊಳೀತದ. ನಾನು ಅಪ್ಪನ ಹಳೇ ಧೋತರ ಹರಕೊಂಡು ಒಂದು ನಮ್ ಹಿತ್ತಲ ತಿಪ್ಪೆ ಪಕ್ಕ, ಇನ್ನೊಂದು ಕೆಳಗಿನ ಹೊಲದಲ್ಲಿ ಹೂತೆ. ಆ ವರ್ಷ ಮಳೆ ಬೇರೆ ಕೈಕೊಟ್ಟಿತ್ತು, ಅದಕ್ಕೇ ಎರಡೂ ಕಡೆ ದಿನ ಬಿಟ್ಟು ದಿನ ಒಂದೊಂದ್ ಕೊಡ ನೀರು ಹಾಕಿದ್ದೆ. ತೆಗೆದಾಗ ಹಿತ್ತಲದ್ದು ಬರೀ ಅಂಚಿನ ದಾರ, ನಡುವೆ ಎರೆಹುಳ ಹೊಕ್ಕಿತ್ತು, ಒಳ್ಳೆ ಮಳೆ ಬಿದ್ದಂಥ ವಾಸನೆ. ಹೊಲದ್ದು ಕೆಂಪು ಕಲೆ ಒಂದು ಬಿಟ್ರೆ ಹಂಗೇ ಇತ್ತು, ಒಗೆದ್ರೆ ಉಡಬಹುದಿತ್ತು. ಎರಡನ್ನೂ ಅಪ್ಪನ ಮುಂದೆ ಕಟ್ಟೆ ಮೇಲೆ ಇಟ್ಟೆ. ಅಪ್ಪ ಹೊಲದ ತುಂಡನ್ನ ಎರಡೂ ಕೈಲಿ ಹಿಡಿದು ಜಗ್ಗಿ ನೋಡಿದ.

"ಇದನ್ನ ತಿನ್ನಾಕ ಒಂದ್ ಹುಳಾನೂ ಉಳಿದಿಲ್ಲೇನೋ ಅಲ್ಲಿ?"

ಅದೇ ವರ್ಷ ಸರ್ಕಾರದ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಶುರುವಾಗಿತ್ತು, ಆಮೇಲೆ ನಮಗೂ ಒಂದು ಬಂತು. ಹನ್ನೆರಡು ಥರದ ಪರೀಕ್ಷೆ, ಸಾವಯವ ಇಂಗಾಲ, ಅಂದ್ರೆ ಕೊಳೆತ ಎಲೆ ಗೊಬ್ಬರದಿಂದ ಮಣ್ಣಿಗೆ ಸೇರೋ ಸತ್ವ, ಅದರ ಮುಂದೆ ಕಡಿಮೆ ಅಂತಿತ್ತು. ಒಳ್ಳೆ ಕಾರ್ಡೇ ಅದು, ಆದ್ರೆ ಅಪ್ಪನಿಗೆ ಅದು ಅರ್ಥ ಆಗಿದ್ದು ಧೋತರದ ತುಂಡು ಕೈಲಿ ಹಿಡಿದಿದ್ದಕ್ಕೇ ಅಂತ ನಾನು ಖಂಡಿತ ಹೇಳ್ತೀನಿ. ಭಟ್ಟಿಯವರು ಮೇಲಿನ ಹೊಲ ಕೇಳ್ಕೊಂಡು ಮತ್ತೆ ಬಂದಾಗ ಅಪ್ಪ ಚಾ ಕುಡಿಸಿ ಕಳಿಸಿದ, ಮಣ್ಣು ಕೊಡಲಿಲ್ಲ.

ಡಿಸೆಂಬರ್ 5, ವಿಶ್ವ ಮಣ್ಣು ದಿನ, ಶನಿವಾರ ಇತ್ತು. ಮುಂಜಾನೆ ಸಾಲಿ ಬಿಟ್ಟ ಮೇಲೆ ಗುಡಿ ಹಿಂದಿನ ಉದ್ದ ಗೋಡೆಗೆ ನಮ್ ಮಣ್ಣಿನ ಬಣ್ಣದಲ್ಲೇ ಇಡೀ ಊರಿನ ನಕ್ಷೆ ಬರೆದ್ವಿ, ಯಾರ ಹೊಲಕ್ಕೆ ಅವರ ಹೊಲದ್ದೇ ಮಣ್ಣು. ಸಂಜಿ ತನಕ ಜನ ಬಂದು ಬಂದು ತಮ್ ಹೊಲ ಹುಡುಕಿ ಬೆರಳಿಟ್ಟು ತೋರ್ಸೋರು, ನಿಂದು ಯಾಕೋ ಬೆಳ್ಳಗಾಗೈತಲ್ಲೋ, ಗೊಬ್ಬರ ಹಾಕಿ ಎಷ್ಟ್ ವರ್ಷಾತು ಅಂತ ಅಲ್ಲೇ ಮಾತು ಶುರು. ಹೊಲಕ್ಕೆ ಹೋಗೋ ಹೆಣ್ಮಕ್ಕಳು ಜಾಸ್ತಿ ಹೊತ್ತು ನಿಂತಿದ್ರು. ನಮ್ ಕೆಳಗಿನ ಹೊಲದ ಚೌಕಕ್ಕೆ ಮಾತ್ರ ಬಣ್ಣ ಸರಿಯಾಗಿ ಹತ್ತಲೇ ಇಲ್ಲ, ಗರಸಲ್ಲಿ ನುಣ್ಣಂದು ಎಲ್ಲಿಂದ ಬರ್ಬೇಕು. ಬೇರೆಯವರ ಮಣ್ಣು ಹಚ್ಚಲಾ ಅಂತ ಕೇಳಿದ್ದಕ್ಕೆ ಸರ್, ಬೇಡ, ಹೆಂಗಿದೆಯೋ ಹಂಗೇ ಇರ್ಲಿ ಅಂದ್ರು.

ಆಮೇಲೆ ಅಪ್ಪ ವರ್ಷಾ ಬ್ಯಾಸಿಗಿಯಾಗ ಕೆರೆ ಹೂಳು, ತಿಪ್ಪೆ ಗೊಬ್ಬರ ಹೇರ್ತಾನೇ ಇದಾನೆ, ನಡುವೆ ಸೆಣಬು ಬಿತ್ತಿ ಹೂವಾಡೋ ಹೊತ್ತಿಗೆ ಹೊಲದಲ್ಲೇ ಮುರಿದು ಹಾಕ್ತಾನೆ. ಮೇಲಿನ ಹೊಲದ ಜೋಳಕ್ಕೆ ಹೋಲಿಸಿದ್ರೆ ಕೆಳಗಿನದ್ದು ಇನ್ನೂ ಮೊಣಕಾಲಷ್ಟು ಗಿಡ್ಡ. ಗೋಡೆ ಮೇಲಿನ ನಕ್ಷೆ ಮಳೆಗೆ ತೊಳೆದು ಹೋಯ್ತು, ಆದ್ರೆ ನಮ್ ಮಣ್ಣು ತುಂಬಿದ್ದ ಗಾಜಿನ ಬಾಟಲಿಗಳು ಲ್ಯಾಬ್ ಕಪಾಟಲ್ಲೇ ಅದಾವಂತ ಹೆಡ್ ಸರ್ ಹೇಳಿದ್ರು. ದಯವಿಟ್ಟು ಅವನ್ನ ಎಸೀಬೇಡಿ. ಈ ಸಲ ಡಿಸೆಂಬರ್ 5ಕ್ಕೆ ನಾನು ರಜಾ ಹಾಕಿ ಬರ್ತೀನಿ, ಕೆಳಗಿನ ಹೊಲದ್ದು ಹೊಸಾ ಬೊಗಸೆ ಮಣ್ಣು ತಗೊಂಡು. ಜರಡಿ ಒಂದು ನೀವು ಹುಡುಕಿ ಇಟ್ಟಿರಿ.