ಪಾಡಿನಾ ಕಡಲಕಳೆ: ಬೂದು ಪಟ್ಟೆಯ ಮೂಲ ಸಿಕ್ಕಿತು

ಅಮಾವಾಸ್ಯೆ ಕಳೆದು ಎರಡನೆಯ ದಿನ. ನಸುಕಿನ ಇಳಿತಕ್ಕೆ ಗೋಕರ್ಣದ ಓಂ ಬೀಚಿನ ಬಂಡೆಗಳಿಗೆ ಮತ್ತೆ ಹೋಗಿದ್ದೆ. ಸಣ್ಣ ಬೀಸಣಿಗೆಯಂತೆ ಹರಡಿಕೊಳ್ಳುವ, ಮೈಮೇಲೆ ಸುಣ್ಣದ ಬಿಳಿ ಗೆರೆಗಳಿರುವ ಪಾಡಿನಾ ಒಂದು ಹಿಡಿ, ಗಾಳಿಗುಳ್ಳೆಗಳ ಸರ್ಗಾಸಮ್ ಒಂದು ಹಿಡಿ. ಅಷ್ಟೇ ಸಾಕು, ಉಳಿದದ್ದು ಕಡಲಿಗೇ ಇರಲಿ.

ಡಿಸೆಂಬರಿನ ಮೊದಲ ಟಿಎಲ್‌ಸಿ ತಟ್ಟೆಯಲ್ಲಿ (ಕಳೆಯ ರಸದ ಬಣ್ಣಗಳನ್ನು ದ್ರಾವಕದೊಂದಿಗೆ ಮೇಲೇರಿಸಿ ಬೇರೆ ಬೇರೆ ಪಟ್ಟೆಗಳಾಗಿಸುವ ತೆಳು ಲೇಪದ ತಟ್ಟೆ) ಹಸಿರು ಕ್ಲೋರೊಫಿಲ್‌ಗಿಂತ ತುಸು ಮೇಲೆ ದಪ್ಪನೆಯ ಬೂದು ಪಟ್ಟೆ ಬಂದಿತ್ತು. ಅದು ಪಾಡಿನಾದ್ದೇ ಯಾವುದೋ ವಿಶೇಷ ಸಂಯುಕ್ತ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಆದರೆ ಆ ಕಳೆ ಪ್ಲಾಸ್ಟಿಕ್ ಚೀಲದೊಳಗೆ ಬಿಸಿಲಲ್ಲಿ ಬಸ್ ಪ್ರಯಾಣ ಮಾಡಿ, ರಾತ್ರಿಯಿಡೀ ಜಗಲಿಯಲ್ಲಿ ಬಿದ್ದಿತ್ತು. ಅನುಮಾನ ಅಲ್ಲಿಂದಲೇ ಶುರುವಾಯಿತು.

ಈ ಬಾರಿ ಮಂಜುಗಡ್ಡೆಯ ಡಬ್ಬಿಯಲ್ಲಿ ತಂದು, ಸಿಹಿನೀರಿನಲ್ಲಿ ಬೇಗನೆ ತೊಳೆದು, ಬಟ್ಟೆಯಲ್ಲಿ ಒತ್ತಿ, ಚಿಟಿಕೆ ಅಡುಗೆ ಸೋಡಾ ಸೇರಿಸಿ ತಣ್ಣನೆಯ ಅಸಿಟೋನ್‌ನಲ್ಲಿ ಅರೆದೆ. ಕೆಲಸವೆಲ್ಲ ಶಾಲೆಯ ಪ್ರಯೋಗಾಲಯದಲ್ಲಿ, ಕಿಟಕಿ ತೆರೆದು, ಆದರೆ ಮಂದ ಬೆಳಕಿನಲ್ಲಿ. ಅಸಿಟೋನ್, ಪೆಟ್ರೋಲಿಯಂ ಈಥರ್ ಎರಡಕ್ಕೂ ಬೆಂಕಿ ಹತ್ತುವುದು ಬಲು ಬೇಗ. ಅಡುಗೆಮನೆಯಲ್ಲಿ ಯಾರೂ ಇದನ್ನು ಮಾಡಬಾರದು.

ಸೋಸಿದ ರಸದಲ್ಲಿ ಅರ್ಧವನ್ನು ಬೇರೆ ಮಾಡಿ, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದೇ ಹನಿ ಬಿಟ್ಟೆ. ಹುಲ್ಲಿನ ಹಸಿರು ನೋಡನೋಡುತ್ತಿದ್ದಂತೆ ಮಾಸಿ, ಕೊಳೆತ ಎಲೆಯ ಬಣ್ಣಕ್ಕೆ ತಿರುಗಿತು. ಡಿಸೆಂಬರಿನ ರಸ, ಹೊಸ ರಸ, ಆಮ್ಲ ಹಾಕಿದ ರಸ ಮೂರನ್ನೂ ಒಂದೇ ತಟ್ಟೆಯಲ್ಲಿ ಪಕ್ಕಪಕ್ಕ ಚುಕ್ಕೆ ಇಟ್ಟು, ಪೆಟ್ರೋಲಿಯಂ ಈಥರ್ ಏಳು ಪಾಲು, ಅಸಿಟೋನ್ ಮೂರು ಪಾಲಿನಲ್ಲಿ ನಿಲ್ಲಿಸಿದೆ.

ಹಳೆಯದರ ಬೂದು ಪಟ್ಟೆ ಮತ್ತು ಆಮ್ಲದ್ದರ ಬೂದು ಪಟ್ಟೆ ಒಂದೇ ಎತ್ತರದಲ್ಲಿ ನಿಂತವು! ಹೊಸ ರಸದಲ್ಲಿ ಅಲ್ಲಿ ನೆರಳಿನಷ್ಟೇ ಗುರುತು. ಎಂದರೆ ಅದು ಬಹುಮಟ್ಟಿಗೆ ಫಿಯೊಫೈಟಿನ್, ಮೆಗ್ನೀಸಿಯಂ ಕಳೆದುಕೊಂಡ ಕ್ಲೋರೊಫಿಲ್. ಜೀವಕೋಶ ಒಡೆದಾಗ ಹೊರಬರುವ ಆಮ್ಲ ಕ್ಲೋರೊಫಿಲ್‌ನ ನಡುವಿನ ಮೆಗ್ನೀಸಿಯಂ ಅನ್ನು ಕಿತ್ತು, ಆ ಜಾಗದಲ್ಲಿ ಎರಡು ಹೈಡ್ರೋಜನ್ ಕೂರಿಸುತ್ತದೆ. ಪಟ್ಟೆಯನ್ನು ತಯಾರಿಸಿದ್ದು ಕಡಲಕಳೆಯಲ್ಲ, ನನ್ನ ಪ್ಲಾಸ್ಟಿಕ್ ಚೀಲ. ಪುಸ್ತಕದ ಆ ಸಾಲನ್ನು ಹೊಡೆದುಹಾಕಿ ತಾರೀಖು ಬರೆದಿದ್ದೇನೆ.

ಹೊಸ ರಸದ ಸಾಲು ಎಷ್ಟು ಚೆಂದ! ತುದಿಯಲ್ಲಿ ಹಳದಿ ಕ್ಯಾರೊಟಿನ್, ಅದರ ಕೆಳಗೆ ನೀಲಿ ಛಾಯೆಯ ಕ್ಲೋರೊಫಿಲ್ ಎ, ಇನ್ನೂ ಕೆಳಗೆ ಹಣ್ಣಾದ ಕಿತ್ತಳೆಯ ಬಣ್ಣದ ಫ್ಯೂಕೊಸ್ಯಾಂಥಿನ್, ಚುಕ್ಕೆ ಇಟ್ಟಲ್ಲೇ ಕದಲದೆ ಕುಳಿತ ಕ್ಲೋರೊಫಿಲ್ ಸಿ. ಕಂದು ಪಾಚಿಗಳಿಗೆ ಕಂದು ಕೊಡುವುದೇ ಫ್ಯೂಕೊಸ್ಯಾಂಥಿನ್. ರಸಾಯನಶಾಸ್ತ್ರಜ್ಞರಾದ ವಿಲ್‌ಸ್ಟೇಟರ್ ಮತ್ತು ಪೇಜ್ 1914ರಲ್ಲಿ ಇದನ್ನು ಬೇರ್ಪಡಿಸಿದ್ದರು. ಜೀವಂತ ಕಳೆಯಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿದ್ದು ಹಸಿರು ಬೆಳಕನ್ನೂ ಹೀರುತ್ತದೆ. ಸರ್ಗಾಸಮ್‌ನ ಒಂದು ಎಲೆಯನ್ನು ಕುದಿಯುವ ನೀರಿಗೆ ಅದ್ದಿದರೆ ಆ ನಂಟು ಕಡಿದು, ಕಂದು ಎಲೆ ಕಣ್ಣೆದುರೇ ಹಚ್ಚಹಸಿರಾಗುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳು ಇದನ್ನು ಐದು ಸಲ ಮಾಡಿಸಿಕೊಂಡರು.

ಮುಂದಿನ ಇಳಿತಕ್ಕೆ ಕೆಂಪು ಪಾಚಿ ಗ್ರಾಸಿಲೇರಿಯಾ. ಅದರ ಕೆಂಪು ಬಣ್ಣದ್ರವ್ಯ ಫೈಕೊಎರಿಥ್ರಿನ್ ಅಸಿಟೋನಿಗೆ ಬರುವುದಿಲ್ಲ, ನೀರಿನಲ್ಲಿ ಇಳಿಯುತ್ತದೆ. ಮಂಜುಗಡ್ಡೆಯ ಡಬ್ಬಿ ತೊಳೆದು ಇಟ್ಟಿದ್ದೇನೆ.