ಮೋಡದ ಎತ್ತರ ನೋಡಿ 2100ರ ಮಿಂಚು ಎಣಿಸಬಹುದಾ?

ಭೂಮಿಯ ಹವಾಮಾನವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಮಾಡೆಲ್‌ನಲ್ಲಿ ಮಿಂಚಿನ ಭಾಗ ನೋಡಿಕೊಳ್ಳುವುದು ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ನಿಮ್ಮ ಸೂತ್ರ ಇವತ್ತಿನ ಮಿಂಚಿನ ನಕ್ಷೆಗೆ ಚೆನ್ನಾಗಿ ಹೊಂದಿತು ಅಂತ ಮುಂದಿನ ಶತಮಾನವನ್ನೂ ಅದರ ಕೈಗೆ ಕೊಡಬೇಡಿ. ಅದು ಯಾವುದನ್ನು ನಂಬಿ ನಿಂತಿದೆ ಅಂತ ಮೊದಲು ನೋಡಿ.

ಜಾಗತಿಕ ಮಾಡೆಲ್ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ. ಒಂದು ಚೌಕ ಎಷ್ಟೋ ಸಲ 100 ಕಿಲೋಮೀಟರ್ ಅಗಲ ಇರುತ್ತದೆ. ಒಂದಿಡೀ ಗುಡುಗು ಮೋಡ ಅದರ ಮೂಲೆಯಲ್ಲಿ ಕಾಣದೇ ಹೋಗುತ್ತದೆ, ಇನ್ನು ಮಿಂಚು ಎಲ್ಲಿಯದು? ಹಾಗಾಗಿ ಮಾಡೆಲ್‌ಗೆ ಗೊತ್ತಿರುವ ಬೇರೆ ಯಾವುದರಿಂದಲೋ ಅದನ್ನು ಅಂದಾಜು ಮಾಡಬೇಕು. 1992ರಲ್ಲಿ ವಿಜ್ಞಾನಿಗಳಾದ ಕಾಲಿನ್ ಪ್ರೈಸ್ ಮತ್ತು ಡೇವಿಡ್ ರಿಂಡ್ ಮೋಡದ ತುದಿಯ ಎತ್ತರವನ್ನು ಹಿಡಿದರು. ನೆಲದ ಮೇಲೆ ಮಿಂಚಿನ ಸಂಖ್ಯೆ ಆ ಎತ್ತರದ 4.9ನೇ ಘಾತದಂತೆ ಏರುತ್ತದೆ ಅಂದರು. ಚೊಕ್ಕ ಸೂತ್ರ. ಇವತ್ತಿಗೂ ತುಂಬಾ ಕಡೆ ಬಳಕೆಯಲ್ಲಿದೆ.

ಆ 4.9 ಏನು ಮಾಡುತ್ತದೆ ನೋಡಿ. 10 ಕಿಲೋಮೀಟರ್ ಎತ್ತರದ ಮೋಡ ನಿಮಿಷಕ್ಕೆ ಸುಮಾರು 2.7 ಮಿಂಚು ಕೊಡುತ್ತದೆ. 11 ಮಾಡಿ, 4.4 ಆಗುತ್ತದೆ. ಒಂದೇ ಕಿಲೋಮೀಟರ್‌ಗೆ 60% ಜಾಸ್ತಿ! ಮಾಡೆಲ್‌ನಲ್ಲಿ ಮೋಡದ ತುದಿ ಒಂದು ಪದರ ಆಚೀಚೆ ಆದರೂ ಸಾಕು, ಉತ್ತರ ಬದಲಾಗಿಬಿಡುತ್ತದೆ. ಸಮುದ್ರಕ್ಕೆ ಘಾತವೇ ಬೇರೆ, 1.73. ಅರ್ಧ ನೆಲ ಅರ್ಧ ನೀರು ಇರುವ ಕರಾವಳಿ ಚೌಕಕ್ಕೆ ಯಾವುದನ್ನು ಹಾಕುವುದು ಅನ್ನುವುದೇ ಒಂದು ಜಗಳ.

ಭೂಮಿ ಬಿಸಿಯಾದಂತೆ ಮೋಡದ ತುದಿ ಮೇಲೇರುತ್ತದೆ. ಸೂತ್ರ ಕೂಡಲೇ ಮಿಂಚು ಜಾಸ್ತಿ ಅನ್ನುತ್ತದೆ. ಆದರೆ ಮಿಂಚು ಹುಟ್ಟುವುದು ಎತ್ತರದಿಂದಲ್ಲ, ಅಲ್ವಾ? ಚಾರ್ಜ್ ಹುಟ್ಟುವುದು ಮೋಡದೊಳಗೆ, 0 ಮತ್ತು -40 ಡಿಗ್ರಿ ನಡುವಿನ ಪಟ್ಟಿಯಲ್ಲಿ. ಅಲ್ಲಿ ಇನ್ನೂ ಹೆಪ್ಪುಗಟ್ಟದ ನೀರಹನಿಗಳ ನಡುವೆ ಗ್ರಾಪೆಲ್ ಅನ್ನುವ ಮೆದು ಐಸ್ ಉಂಡೆಗಳಿಗೂ ಹಗುರ ಐಸ್ ಹರಳುಗಳಿಗೂ ಡಿಕ್ಕಿಯಾಗುತ್ತದೆ. ಸಾಮಾನ್ಯವಾಗಿ ಹರಳು ಧನ ಚಾರ್ಜ್ ಪಡೆದು ಗಾಳಿಯ ಜೊತೆ ಮೇಲೆ ಹೋಗುತ್ತದೆ, ಗ್ರಾಪೆಲ್ ಋಣ ಚಾರ್ಜ್ ಹಿಡಿದು ಕೆಳಗೆ ಉಳಿಯುತ್ತದೆ. ಬಿಸಿ ಜಗತ್ತಿನಲ್ಲಿ 0 ಡಿಗ್ರಿಯ ಗೆರೆಯೂ ಮೇಲೇರುತ್ತದೆ, -40ರ ಗೆರೆಯೂ ಏರುತ್ತದೆ. ಮೋಡ ಎತ್ತರವಾಯಿತು ಅಂತ ನಡುವಿನ ಪಟ್ಟಿ ದಪ್ಪವಾಗಲೇಬೇಕು ಅಂತಿಲ್ಲ.

ಎತ್ತರವೋ ಐಸೋ ಅನ್ನುವ ಈ ಒಂದು ಪ್ರಶ್ನೆಯ ತೂಕ ಎಷ್ಟು ಅನ್ನುವುದು 2018ರಲ್ಲಿ ಡೆಕ್ಲಾನ್ ಫಿನ್ನಿ ಮತ್ತು ಜೊತೆಗಾರರ ಅಧ್ಯಯನದಲ್ಲಿ ಕಂಡಿತು. ಎತ್ತರ ಬಿಟ್ಟು, ಮೇಲಕ್ಕೆ ಹೋಗುವ ಐಸ್‌ನ ಹರಿವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡರು. ಶತಮಾನದ ಕೊನೆಗೆ ಜಗತ್ತಿನ ಮಿಂಚು ಸುಮಾರು 15% ಇಳಿಯುತ್ತದೆ ಅಂತ ಬಂತು. ಅದೇ ಮಾಡೆಲ್‌ಗೆ ಎತ್ತರದ ಸೂತ್ರ ಕೊಟ್ಟರೆ ಏರಿಕೆ! ಇನ್ನೊಂದು ಕಡೆ, 2014ರಲ್ಲಿ ಡೇವಿಡ್ ರಾಂಪ್ಸ್ ತಂಡ ಗಾಳಿಯನ್ನು ಮೇಲಕ್ಕೆ ತಳ್ಳಲು ವಾತಾವರಣದಲ್ಲಿರುವ ಶಕ್ತಿಯನ್ನು ಮಳೆಯ ಪ್ರಮಾಣದ ಜೊತೆ ಗುಣಿಸಿ, ಅಮೆರಿಕದಲ್ಲಿ 1 ಡಿಗ್ರಿಗೆ ಸುಮಾರು 12% ಏರಿಕೆ ಅಂದಿತ್ತು. ಒಂದು ಇಡೀ ಭೂಮಿಯದು, ಒಂದು ಒಂದೇ ದೇಶದ್ದು. ಇವೆರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ಜಗಳ ಹಚ್ಚಬಾರದು.

ಉಪಗ್ರಹಗಳು ತೋರಿಸಿದಂತೆ ಜಗತ್ತಿನಲ್ಲಿ ಸೆಕೆಂಡಿಗೆ ಸುಮಾರು 45 ಮಿಂಚು. ಸಾಮಾನ್ಯವಾಗಿ ಸೂತ್ರಗಳನ್ನು ತಿರುಚಿ ಈ ಸಂಖ್ಯೆಗೆ ಕೂರಿಸಿರುತ್ತಾರೆ. ಹಾಗಾಗಿ ಅದಕ್ಕೆ ಹೊಂದಿದ್ದನ್ನು ನಾನು ಪರೀಕ್ಷೆ ಅಂತ ಒಪ್ಪುವುದಿಲ್ಲ. ಸೂತ್ರ ಕಟ್ಟುವಾಗ ಬಳಸದೇ ಇದ್ದದ್ದನ್ನು ಕೇಳುತ್ತೇನೆ: ಮಧ್ಯಾಹ್ನದ ಮಿಂಚು ಸರಿಯಾದ ಹೊತ್ತಿಗೆ ಬರುತ್ತದಾ? ಪೆಸಿಫಿಕ್ ಸಮುದ್ರ ಮಾಮೂಲಿಗಿಂತ ಬಿಸಿಯಾಗುವ ಎಲ್ ನಿನೊ ವರ್ಷದಲ್ಲಿ ಮಿಂಚು ಸರಿಯಾದ ಕಡೆಗೆ ಜರುಗುತ್ತದಾ? ಇಲ್ಲಿ ಎಡವುವ ಸೂತ್ರಗಳು ತುಂಬಾ ಇವೆ.

ಕಾಡ್ಗಿಚ್ಚಿನ ಲೆಕ್ಕ ಮಾಡುವವರು ನಮ್ಮ ಫಲಿತಾಂಶ ಬಳಸುತ್ತಾರೆ, ಓಝೋನ್ ನೋಡುವವರೂ ಬಳಸುತ್ತಾರೆ. ಓಝೋನ್‌ನವರ ಲೆಕ್ಕಕ್ಕೆ ಮಿಂಚು ಹುಟ್ಟಿಸುವ ನೈಟ್ರೋಜನ್ ಆಕ್ಸೈಡ್ ಎಷ್ಟು ಅನ್ನುವುದು ಬೇಕು. ಎಲ್ಲರೂ ಕೇಳುವುದು ಒಂದೇ ಸಂಖ್ಯೆ. ನಾನು ಎರಡು ಕಳಿಸುತ್ತೇನೆ, ಎತ್ತರದ್ದೊಂದು, ಐಸ್‌ನದ್ದೊಂದು. ಒಂದು ಏರಿಕೆ, ಒಂದು ಇಳಿಕೆ ಅನ್ನುವ ಚೌಕಗಳಿಗೆ ನಕ್ಷೆಯಲ್ಲಿ ಗೀಟು ಹಾಕಿರುತ್ತೇನೆ. ಸದ್ಯಕ್ಕೆ ಉಷ್ಣವಲಯದ ಬಹುಪಾಲು ಆ ಗೀಟಿನೊಳಗೇ ಇದೆ.