ನನ್ನ ನೆರಳು ನನಗೇ ಕಾಣಲಿಲ್ಲ

ಕಂಪ್ಯೂಟರ್ ಪರದೆಯ ಮೇಲೆ ನಾನೊಂದು ಬೆಳ್ಳನೆಯ ಗೊಂಬೆಯಾಗಿ ನಿಂತಿದ್ದೆ. ಮೂಗಿಲ್ಲ, ಬಾಯಿಲ್ಲ, ಬಟ್ಟೆಯೂ ಇಲ್ಲ. ಮೈತುಂಬ ಸುಣ್ಣ ಹೊಡೆದ ಹಾಗೆ. ಎದುರಿಗೆ ಯಾರದೋ ಅಡುಗೆಮನೆ. ಇದೊಂದು ಅಡಗುವ ಆಟ, ಟೈಮ್ ಮುಗಿಯುವುದರೊಳಗೆ ಮೈಗೆ ಬಣ್ಣ ಬಳಿದುಕೊಂಡು ಆ ಅಡುಗೆಮನೆಯಲ್ಲಿ ಕಾಣದ ಹಾಗೆ ಆಗಬೇಕಿತ್ತು. ನಾನು ಹಿಂದೆ ಮುಂದೆ ನೋಡದೆ ಫ್ರಿಜ್ಜಿನ ಹಿಂದೆ ಹೋಗಿ ನಿಂತೆ.

"ಮಾಮಾ, ಅಲ್ಲಿ ಎಲ್ಲಾರೂ ನಿಂದರತಾರ," ಅಂದಳು ಪಕ್ಕದಲ್ಲಿ ಕೂತಿದ್ದ ಚಿನ್ನಿ.

ಅವಳ ಮಾತು ಮುಗಿಯುವುದರೊಳಗೆ ಪಕ್ಕದ ರೂಮಿನಿಂದ ಅವಳ ಅಣ್ಣನ ನಗು ಕೇಳಿಸಿತು. ನಾನು ಔಟ್.

ಮೇ ತಿಂಗಳು. ಕಲಬುರಗಿಯ ಬಿಸಿಲಿಗೆ ಸಾಕಾಗಿ ನಾಲ್ಕು ದಿನ ರಜೆ ಹಾಕಿ ಬೀದರಿಗೆ ಅಕ್ಕನ ಮನೆಗೆ ಬಂದಿದ್ದೆ. ಬೀದರ್ ಎತ್ತರದಲ್ಲಿದೆ, ಸ್ವಲ್ಪವಾದರೂ ತಂಪು ಅನ್ನುವುದು ನಮ್ಮ ಆಸೆ. 2017ರಲ್ಲಿ ರೈಲು ಶುರುವಾದ ಮೇಲಂತೂ ನೆಪವೇ ಬೇಡ. ಆದರೆ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕೂಲರ್ ಮುಂದೆ ಚುರುಮುರಿ ತಿನ್ನುತ್ತ ಎಷ್ಟು ಹೊತ್ತು ಅಂತ ಕೂರುವುದು? ಹೀಗೆ ಮಕ್ಕಳ ಕೈಗೆ ಸಿಕ್ಕೆ.

ಅಡಗುವ ಆಟ ನನಗೆ ತೀರಾ ಹೊಸದೇನಲ್ಲ. ಹಾಸ್ಟೆಲ್ಲಿನಲ್ಲಿದ್ದಾಗ ಗ್ಯಾರೀಸ್ ಮಾಡ್ ಅನ್ನುವ ಕಂಪ್ಯೂಟರ್ ಆಟದಲ್ಲಿ ಪ್ರಾಪ್ ಹಂಟ್ ಆಡಿದ್ದೆ. ಅಲ್ಲಿ ನೀವೇ ಒಂದು ಕುರ್ಚಿಯೋ ಡಬ್ಬಿಯೋ ಆಗಿಬಿಡುತ್ತೀರಿ. ಕುರ್ಚಿ ಎಂದರೆ ಪಕ್ಕಾ ಕುರ್ಚಿ, ಬಣ್ಣದಲ್ಲಿ ತಪ್ಪು ಹುಡುಕುವ ಹಾಗೇ ಇಲ್ಲ. ಕುರ್ಚಿ ಇರಬಾರದ ಜಾಗದಲ್ಲಿ ಕುರ್ಚಿಯಾಗಿ ನಿಂತರೆ ಮಾತ್ರ ಸಿಕ್ಕಿಬೀಳುತ್ತೀರಿ. ವಿಚ್ ಇಟ್ ಅಂತ ಇನ್ನೊಂದಿದೆ, ಅದರಲ್ಲಿ ಅಡಗಿದವರು ಮಾಟಗಾತಿಯರು, ಹುಡುಕುವವರು ಅನುಮಾನ ಬಂದ ಸಾಮಾನಿಗೆಲ್ಲ ಆಲೂಗಡ್ಡೆ ಎಸೆಯುತ್ತಾರೆ. ಆಲೂಗಡ್ಡೆ! ಈ ಮಕ್ಕಳ ಆಟದಲ್ಲಿ ಹಾಗಲ್ಲ. ಮೈ ಮನುಷ್ಯನದೇ, ಬಣ್ಣ ಮಾತ್ರ ನಿಮ್ಮ ಕೈಯಲ್ಲಿ. ಗೋಡೆಯ ಮೇಲೆ ಒತ್ತಿದರೆ ಅಲ್ಲಿನ ಬಣ್ಣ ಕುಂಚಕ್ಕೆ ಬರುತ್ತದೆ, ಅದನ್ನು ಮೈಗೆ ಬಳಿದುಕೊಳ್ಳುವುದು. ಕೈಕಾಲು ಬೇಕಾದ ಹಾಗೆ ಮಡಚಿ ಅಲ್ಲಾಡದೆ ಇರುವುದು. ಅಷ್ಟೇ ಅಂದುಕೊಂಡೆ.

ಎರಡನೇ ಆಟದಲ್ಲಿ ಅಡುಗೆಮನೆಯ ಬಲ್ಬಿನ ಕೆಳಗೆ ಹಳದಿ ಗೋಡೆಗೆ ಆತು ನಿಂತೆ. ಬಣ್ಣ ಗೋಡೆಯಿಂದಲೇ ತೆಗೆದದ್ದು, ತಪ್ಪಾಗಲು ಸಾಧ್ಯವೇ ಇಲ್ಲ ಅಲ್ವಾ? ಆದರೆ ಮೈ ಗೋಡೆಗಿಂತ ಕಡು ಹಳದಿಯಾಗಿ ಕಾಣುತ್ತಿತ್ತು, ಅರಿಶಿನ ಹಚ್ಚಿಸಿಕೊಂಡ ಮದುಮಗನ ಹಾಗೆ. ಆಮೇಲೆ ಹೊಳೆಯಿತು. ನಾನು ತೆಗೆದದ್ದು ಗೋಡೆಯ ಬಣ್ಣವಲ್ಲ, ಗೋಡೆಯ ಮೇಲೆ ಬಿದ್ದ ಬಲ್ಬಿನ ಹಳದಿಯನ್ನೂ ಸೇರಿಸಿಕೊಂಡ ಬಣ್ಣ. ಅದೇ ಬಲ್ಬು ಈಗ ನನ್ನ ಮೇಲೆ ಇನ್ನೊಂದು ಸಲ ಹಳದಿ ಚೆಲ್ಲುತ್ತಿತ್ತು. ಹಾಗಾಗಿ ದೀಪದ ಹತ್ತಿರ ನಿಲ್ಲುವುದೇ ಬೇಡ, ನಿಂತರೂ ಬಣ್ಣ ಸ್ವಲ್ಪ ತಿಳಿ ಮಾಡಬೇಕು.

ಬೋಳು ಗೋಡೆ ಸುಲಭ ಅಂತ ಹೊಸಬರಿಗೆಲ್ಲ ಅನಿಸುತ್ತದೆ. ನನಗೂ ಅನಿಸಿತ್ತು. ಒಂದೇ ಬಣ್ಣ ಬಳಿದರೆ ಮುಗಿಯಿತಲ್ಲ! ಆದರೆ ಬೋಳು ಗೋಡೆಯ ಮೇಲೆ ಮನುಷ್ಯನ ಆಕಾರ ಎದ್ದು ಕಾಣುತ್ತದೆ. ಹೆಗಲು, ಮೊಣಕೈ, ತಲೆಯ ದುಂಡು. ನಮ್ಮ ಕಣ್ಣಿಗೆ ಹುಟ್ಟಿನಿಂದ ರೂಢಿಯಾದ ಆಕಾರ ಅದು. ಟೈಲ್ಸ್, ಇಟ್ಟಿಗೆ, ಪುಸ್ತಕದ ಕಪಾಟು, ಇಂಥ ಗಜಿಬಿಜಿ ಜಾಗದಲ್ಲಿ ಬಳಿಯುವುದು ಕಷ್ಟ, ಆದರೆ ಅಲ್ಲಿನ ಗೆರೆಗಳು ಆಕಾರವನ್ನು ತುಂಡು ತುಂಡು ಮಾಡುತ್ತವೆ. ಕಪಾಟಿನ ಹಲಗೆಯ ಗೆರೆ ನನ್ನ ಎದೆಯ ಮೇಲೂ ಸಾಗಿ ಆಚೆ ಹೋದರೆ, ನೋಡುವವನಿಗೆ ಎದೆಯೇ ಇಲ್ಲ.

ಇದರಲ್ಲೂ ಒಂದು ಕಿತಾಪತಿ ಇದೆ. ಗೆರೆ ಕೂಡುವುದು ಒಂದೇ ಕಡೆಯಿಂದ ನೋಡಿದಾಗ. ನಾನು ಗೋಡೆಯಿಂದ ಒಂದು ಗೇಣು ಮುಂದಿದ್ದರೂ ಸಾಕು, ಹುಡುಕುವವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಟೈಲ್ಸ್ ಗೆರೆ ಒಂದು ಕಡೆ, ನನ್ನ ಹೊಟ್ಟೆಯ ಮೇಲಿನ ಗೆರೆ ಇನ್ನೊಂದು ಕಡೆ. ಅದಕ್ಕೆ ಜಾಗ ಹುಡುಕುವ ಮೊದಲು ಬಾಗಿಲು ಎಲ್ಲಿದೆ ನೋಡಬೇಕು. ಬರುವವನು ಎಲ್ಲಿಂದ ಬರುತ್ತಾನೆ, ಮೊದಲ ನೋಟ ಎಲ್ಲಿ ಬೀಳುತ್ತದೆ? ಬಾಗಿಲಲ್ಲಿ ನಿಂತು ನೋಡಿದರೆ ಕೂಡುವ ಹಾಗೆ ಗೆರೆ ಎಳೆಯಬೇಕು. ಬಾಗಿಲ ಪಕ್ಕದ ಗೋಡೆಯಂತೂ ಚಿನ್ನದಂಥ ಜಾಗ. ಒಳಗೆ ಬಂದವರು ಎದುರಿಗೆ ನೋಡುತ್ತ ಬರುತ್ತಾರೆ, ಬೆನ್ನ ಹಿಂದೆ ತಿರುಗುವುದು ಎಲ್ಲ ಮುಗಿದ ಮೇಲೆ.

ಇಷ್ಟು ಕಲಿತು ನಾನು ಬೀಗುತ್ತಿದ್ದಾಗಲೇ ಆ ಘಟನೆ ಆದದ್ದು.

ಮಕ್ಕಳಿಬ್ಬರೂ ಪಕ್ಕದ ರೂಮಿನ ದೊಡ್ಡ ಕಂಪ್ಯೂಟರಿಗೆ ಹೋದರು. ನಾನು ಹಾಲಿನಲ್ಲಿ ನನ್ನ ಆಫೀಸ್ ಲ್ಯಾಪ್‌ಟಾಪ್ ಹಿಡಿದು ಕೂತೆ. ಅದು ಎಕ್ಸೆಲ್ ತೆರೆದರೂ ಏದುಸಿರು ಬಿಡುವ ಯಂತ್ರ. ಆಟ ಓಡಲಿ ಅಂತ ಗ್ರಾಫಿಕ್ಸ್ ಎಲ್ಲ ತೀರಾ ಕೆಳಗಿಳಿಸಿದ್ದೆ. ಈ ಸಲ ಒಂದು ಇಟ್ಟಿಗೆ ಗೋಡೆ ಹಿಡಿದೆ. ಒಂದೊಂದು ಇಟ್ಟಿಗೆ, ನಡುವಿನ ಸಿಮೆಂಟು, ಒಂದು ಕಡೆ ಹಸಿರು ಪಾಚಿ, ಏನೂ ಬಿಡಲಿಲ್ಲ. ಕ್ಯಾಮೆರಾ ಸುತ್ತ ತಿರುಗಿಸಿ ನೋಡಿದೆ. ನನಗೇ ನಾನು ಸಿಗಲಿಲ್ಲ. ಹೆಮ್ಮೆಯಿಂದ ಅಕ್ಕನನ್ನೂ ಕರೆದು ತೋರಿಸಿದೆ. "ಎಲ್ಲಿದ್ದೀಯೋ?" ಅಂದಳು. ಅದಕ್ಕಿಂತ ಸರ್ಟಿಫಿಕೇಟು ಬೇಕಾ?

ಚಿನ್ನಿ ಬಂದಳು. ಸೀದಾ ಬಂದಳು. ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಮೋಸ ಅಂದೆ ನಾನು. ಬಂದು ನನ್ನ ಪರದೆ ಇಣುಕಿದ್ದಾಳೆ ಅಂದೆ. ಜಗಳವೇ ಆಯಿತು. ಆಗ ಒಳಗಿನಿಂದ ಭಾವನ ದನಿ. "ಇಲ್ಲಿ ಬಂದು ನೋಡಪ್ಪ. ನಿನ್ನ ನೆರಳು ಗ್ವಾಡಿ ಮ್ಯಾಲ ಬಿದ್ದದ."

ಹೋಗಿ ನೋಡಿದೆ. ಅವರ ಪರದೆಯಲ್ಲಿ ನಾನು ನಿಜಕ್ಕೂ ಕಾಣುತ್ತಿರಲಿಲ್ಲ. ಆದರೆ ನನ್ನ ಎಡಕ್ಕೆ, ಇಟ್ಟಿಗೆಗಳ ಮೇಲೆ, ಕೈ ಚಾಚಿ ನಿಂತ ಮನುಷ್ಯನ ಕಪ್ಪು ನೆರಳು ಆಳೆತ್ತರ ಇತ್ತು. ಗ್ರಾಫಿಕ್ಸ್ ಇಳಿಸಿದಾಗ ನನ್ನ ಲ್ಯಾಪ್‌ಟಾಪಿನಲ್ಲಿ ನೆರಳುಗಳೇ ಬಂದ್ ಆಗಿದ್ದವು. ನೆರಳು ಬಿಡಿಸುವ ಕೆಲಸ ಆಯಾ ಕಂಪ್ಯೂಟರಿನದು. ನನ್ನದು ಬಿಡಿಸಲಿಲ್ಲ, ಅವರದು ಬಿಡಿಸಿತು. ಇಷ್ಟು ಹೊತ್ತೂ ನನ್ನ ನೆರಳನ್ನು ನನ್ನೊಬ್ಬನನ್ನು ಬಿಟ್ಟು ಉಳಿದವರೆಲ್ಲ ನೋಡುತ್ತಿದ್ದರು.

"ನೀ ಮೈ ಮುಚ್ಚೀದಿ ಮಾಮಾ, ನೆರಳ್ ಎಲ್ಲಿ ಮುಚ್ಚೀದಿ?" ಅಂದಳು ಚಿನ್ನಿ.

ನೆರಳಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಬೀದರ್ ಹತ್ತಿರದ ಹೊನ್ನಿಕೇರಿ ಕಡೆ ಹೊಲಗಳಲ್ಲಿ ಕೃಷ್ಣಮೃಗ ನೋಡಿದವರಿಗೆ ಗೊತ್ತು, ಹೆಣ್ಣಿನ ಬೆನ್ನು ಕಂದು, ಹೊಟ್ಟೆ ಬಿಳಿ. ಬಿಸಿಲು ಮೇಲಿನಿಂದ ಬಿದ್ದು ಬೆನ್ನು ಬೆಳ್ಳಗಾಗುತ್ತದೆ, ಹೊಟ್ಟೆ ನೆರಳಿಗೆ ಕಪ್ಪಾಗುತ್ತದೆ. ಬಣ್ಣ ಅದಕ್ಕೆ ಉಲ್ಟಾ ಇರುವುದರಿಂದ ಎರಡೂ ಸರಿಹೋಗಿ, ದೂರದಿಂದ ಪ್ರಾಣಿ ಚಪ್ಪಟೆಯಾಗಿ ನೆಲದೊಳಗೆ ಸೇರಿಹೋಗುತ್ತದೆ. ಅಬಟ್ ಥೇಯರ್ ಅನ್ನುವ ಅಮೆರಿಕದ ಚಿತ್ರಕಾರ 1896ರಲ್ಲಿ ಇದನ್ನು ಬರೆದ. ಕುಂಚ ಹಿಡಿದವನಿಗೇ ಇದು ಹೊಳೆದದ್ದು ನೋಡಿ. (ಆಮೇಲೆ ಅವನಿಗೆ ಹುಚ್ಚು ಜಾಸ್ತಿಯಾಗಿ, ಫ್ಲೆಮಿಂಗೋ ಗುಲಾಬಿ ಇರುವುದು ಸಂಜೆಯ ಆಕಾಶದಲ್ಲಿ ಅಡಗಲಿಕ್ಕೆ ಅಂದುಬಿಟ್ಟ.) ಅವತ್ತು ಮಧ್ಯಾಹ್ನ ನಾನೂ ಗೊಂಬೆಯ ಕಂಕುಳು, ಗದ್ದದ ಕೆಳಗೆಲ್ಲ ಸ್ವಲ್ಪ ತಿಳಿ ಬಣ್ಣ ಬಳಿದು ನೋಡಿದೆ. ಕೆಲಸ ಮಾಡಿತು. ಗೋಡೆಯ ಮೇಲೆ ಬೀಳುವ ನೆರಳಿಗೆ ಮಾತ್ರ ಬಣ್ಣ ಉಪಯೋಗವಿಲ್ಲ. ಗೋಡೆಗೆ ಅಂಟಿಕೊಳ್ಳಬೇಕು, ಇಲ್ಲ ಮೊದಲೇ ನೆರಳಿರುವ ಕಡೆ ಹೋಗಬೇಕು.

ಸರಿ, ಚಿನ್ನಿಗೆ ಇಷ್ಟು ಚುರುಕು ಕಣ್ಣು ಎಲ್ಲಿಂದ ಬಂತು? ನನ್ನ ಲೆಕ್ಕದಲ್ಲಿ ಅದು ಅಪ್ಪನ ಕೆಲಸದ ಜಾಗದಿಂದ. ಭಾವ ಬಿದ್ರಿ ಕೆಲಸದವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಬಿದ್ರಿ ಸಾಮಾನೆಂದರೆ ಎಲ್ಲರಿಗೂ ಗೊತ್ತಿರುವುದು ಕಪ್ಪು ಮೈ, ಮೇಲೆ ಫಳಫಳ ಬೆಳ್ಳಿ ಹೂಬಳ್ಳಿ. ಆದರೆ ಆ ಕಪ್ಪು ಬರುವುದು ಕೊನೆಗೆ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಸಾಮಾನು ಬೂದಿ ಬಣ್ಣದ ಬೆಳ್ಳಗೆ ಇರುತ್ತದೆ. ಚಿತ್ರ ಬರೆಯುವಾಗ ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಗೆರೆ ಕೆತ್ತಿ, ಅದರೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಉಜ್ಜಿದರೆ ಆ ಕಪ್ಪು ಹೋಗಿಬಿಡುತ್ತದೆ. ಆಗ ಬೆಳ್ಳಗಿನ ಮೈಯಲ್ಲಿ ಬೆಳ್ಳಗಿನ ಬೆಳ್ಳಿ. ದಿನಗಟ್ಟಲೆ ಕೂತು ಮಾಡಿದ ಬಳ್ಳಿ ಕಣ್ಣಿಗೆ ಸರಿಯಾಗಿ ಸಿಗುವುದೇ ಇಲ್ಲ. ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿದ ನೀರು ತಾಗಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ, ಅಡಗಿದ್ದೆಲ್ಲ ಒಮ್ಮೆಲೇ ಎದ್ದು ಬರುತ್ತದೆ.

ಕಪ್ಪು ಹಾಕದ ಒಂದು ಹೂದಾನಿ ಮೂಲೆಯಲ್ಲಿತ್ತು. ಎಲ್ಲಿದೆ ಬೆಳ್ಳಿ, ತೋರಿಸು ಅಂದೆ. ಚಿನ್ನಿ ಅದನ್ನು ಕಿಟಕಿಯ ಕಡೆ ಹಿಡಿದು ಸ್ವಲ್ಪ ವಾಲಿಸಿದಳು. ಬೆರಳಿಟ್ಟು ಎಲೆ, ಕಾಂಡ, ಹೂ ಅಂತ ಹೇಳುತ್ತ ಹೋದಳು.

"ಬಣ್ಣ ನೋಡಬ್ಯಾಡ ಮಾಮಾ. ಮಿಂಚು ನೋಡು. ತಲಿ ಸ್ವಲ್ಪ ಆಕಡಿ ಈಕಡಿ ಮಾಡು."

ಆಟದಲ್ಲೂ ಅವಳು ಮಾಡುವುದು ಅದನ್ನೇ. ರೂಮಿಗೆ ಬಂದ ತಕ್ಷಣ ಒಂದು ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಬಲಕ್ಕೆ. ಗೋಡೆಯ ಜೊತೆ ಸರಿಯದೆ ತಾನೇ ಬೇರೆ ಸರಿಯುವ ತುಂಡು ಯಾವುದು ಅಂತ ನೋಡುತ್ತಾಳೆ.

ಅವಳು ಅಡಗುವ ಜಾಗಗಳಂತೂ ನನಗೆ ಕೊನೆಯವರೆಗೂ ಸಿಗಲಿಲ್ಲ. ಮೂಲೆ, ಮಂಚದ ಕೆಳಗೆ, ಪರದೆಯ ಹಿಂದೆ, ಎಲ್ಲ ತಡಕಾಡಿದೆ. ಟೈಮ್ ಮುಗಿದ ಮೇಲೆ ನೋಡಿದರೆ ಹಾಲಿನ ನಟ್ಟನಡುವೆ ಜಮಖಾನದ ಮೇಲೆ ಜಮಖಾನದ ಹಾಗೆಯೇ ಪಟ್ಟೆ ಬಳಿದುಕೊಂಡು ಅಂಗಾತ ಮಲಗಿದ್ದಾಳೆ. ನಾನು ಅವಳ ಮೇಲೆಯೇ ಎರಡು ಸಲ ಓಡಾಡಿದ್ದೆ. ಮಲಗಿದವರ ನೆರಳು ನೆಲಕ್ಕೆ ಅಂಟಿಕೊಂಡೇ ಇರುತ್ತದೆ, ಉದ್ದ ಚಾಚುವುದಿಲ್ಲ.

ಟಿಟ್ಟಿಭದ ಮೊಟ್ಟೆ ನೆನಪಾಯಿತು. ನಮ್ಮ ಹೊಲದಲ್ಲಿ ತೊಗರಿ ಬಿತ್ತುವ ಮೊದಲು ಅಪ್ಪ ಕುಂಟೆ ಹೊಡೆಯುವಾಗ ಈ ಹಕ್ಕಿ ತಲೆಯ ಮೇಲೆ ಕಿರುಚಾಡುತ್ತಿತ್ತು. ಗೂಡಿಲ್ಲ, ಪೊದೆಯಿಲ್ಲ, ಬಯಲಲ್ಲೇ ನಾಲ್ಕು ಮೊಟ್ಟೆ. ಹರಳುಗಳ ನಡುವೆ ಹರಳಿನ ಹಾಗೇ. ಅಪ್ಪ ಎತ್ತು ನಿಲ್ಲಿಸಿ ಬೆರಳು ತೋರಿಸಿದರೂ ನನಗೆ ಕಾಣುತ್ತಿರಲಿಲ್ಲ. ಮೊಟ್ಟೆ ಬಾಯಿಬಿಡುವುದಿಲ್ಲ, ಕಿರುಚುವುದು ತಾಯಿ. ಕಾಲ್ ಆಫ್ ಡ್ಯೂಟಿ ಅನ್ನುವ ಇನ್ನೊಂದು ಆಟದ ಪ್ರಾಪ್ ಹಂಟ್‌ನಲ್ಲಿ ಅಡಗಿದವರು ಆಗಾಗ ಸೀಟಿ ಹೊಡೆಯಲೇಬೇಕು ಅಂತ ಇಟ್ಟಿದ್ದಾರೆ, ಆಟವೇ ಹೊಡೆಸುತ್ತದೆ. ಇಲ್ಲದಿದ್ದರೆ ಚಿನ್ನಿಯಂಥವರನ್ನು ಹುಡುಕುವುದು ಯಾರು?

ನನಗೂ ಒಂದು ಗೆಲುವು ಸಿಕ್ಕಿತು, ಒಂದೇ ಒಂದು. ಬಾಗಿಲ ಪಕ್ಕದ ಗೋಡೆ, ಕಪಾಟಿನ ನೆರಳು ಮೊದಲೇ ಬಿದ್ದಿದ್ದ ಜಾಗ, ಕಾಲು ಮಡಚಿ ಮೂಟೆಯಾಗಿ ಕೂತೆ. ಮನುಷ್ಯನ ಆಕಾರವೇ ಉಳಿಯಲಿಲ್ಲ. ಅಣ್ಣ ಬಂದ, ಹೋದ. ಚಿನ್ನಿ ಬಂದಳು, ಎಡಕ್ಕೆ ಬಲಕ್ಕೆ ಮಾಡಿದಳು, ಹೋದಳು. ನಾನು ನಿಜವಾಗಿಯೂ ಉಸಿರು ಹಿಡಿದು ಕೂತಿದ್ದೆ, ಗೊಂಬೆಗೆ ಉಸಿರೇ ಇಲ್ಲ ಅನ್ನುವುದು ಮರೆತು. ಗೆದ್ದಾಗ ಕೂಗಿದ ಕೂಗಿಗೆ ಅಕ್ಕ ಅಡುಗೆಮನೆಯಿಂದ ಓಡಿ ಬಂದು, "ಏನಾತೋ ತಮ್ಮ?" ಅಂದಳು.

ಐದೂವರೆಗೆ ಕರೆಂಟು ಹೋಯಿತು. ಮಕ್ಕಳು ಮಾಳಿಗೆಗೆ ಓಡಿದರು, ಓಣಿಯ ಇನ್ನೂ ನಾಲ್ಕು ಹುಡುಗರು ಸೇರಿದರು. ಈಗ ನಿಜವಾದ ಐಸ್‌ಪೈಸ್. ಪಾಳಿ ಬಂದದ್ದು ಪಕ್ಕದ ಮನೆಯ 6 ವರ್ಷದ ಹುಡುಗನಿಗೆ. ಅವನು ಗೋಡೆಗೆ ಮುಖ ಮಾಡಿ ಎಣಿಸಲು ಶುರು ಮಾಡಿದ. ಬೆಳಿಗ್ಗೆಯಿಂದ ಕಲಿತದ್ದೆಲ್ಲ ತಲೆಯಲ್ಲಿ ಬಿಸಿಬಿಸಿ ಇತ್ತು. ಹಗ್ಗದ ಮೇಲೆ ಅಕ್ಕ ಕೌದಿ ಒಣಹಾಕಿದ್ದಳು. ಕೆಂಪು, ನೀಲಿ, ಚೌಕ, ಪಟ್ಟೆ, ಹತ್ತು ಸೀರೆಯ ತುಂಡು. ನನ್ನದು ಚೌಕುಳಿ ಅಂಗಿ. ಮೆಟ್ಟಿಲಿನಿಂದ ಬರುವವರಿಗೆ ಬೆನ್ನಾಗುವ ಜಾಗ. ಸೂರ್ಯ ಎದುರಿಗಿದ್ದ, ನೆರಳು ಹಿಂದಕ್ಕೆ ಬೀಳುತ್ತಿತ್ತು, ಅದನ್ನೂ ನೋಡಿಕೊಂಡೆ. ಮಾಳಿಗೆ ಇನ್ನೂ ಕಾದಿತ್ತು. ಕಾಲು ಸುಡದಂತೆ ಕೌದಿಯ ಮಡಿಕೆಯೊಳಗೆ ಒಂದು ಗೋಣಿಚೀಲದ ಮೇಲೆ ನಿಂತೆ.

ಹುಡುಗ ಎಣಿಸಿ ಮುಗಿಸಿದ. ಸೀದಾ ನನ್ನ ಕಡೆ ನಡೆದು ಬಂದ. ಕೌದಿ ಎತ್ತಲಿಲ್ಲ, ಮುಟ್ಟಲೂ ಇಲ್ಲ.

"ಮಾಮಾ, ನಿಮ್ಮ ಚಪ್ಪಲ್ ಹೊರಗ ಬಿಟ್ಟೀರಿ," ಅಂದ.